ರೈಶ್ಲಿಶ್ ಅಂದ್ರ ಭರ್ಪೂರ

ನವನಗರದ ಒಂದು ಮಹಡಿ ಕೋಣೆಯಲ್ಲಿ ನಾನು ನರ್ಸ್‌ಗಳಿಗೆ ಜರ್ಮನ್ ಕಲಿಸುತ್ತೇನೆ. ಜರ್ಮನ್ ಆಸ್ಪತ್ರೆಗಳಲ್ಲಿ ಕೆಲಸ ಹಿಡಿಯಬೇಕೆಂದು ಬರುವ ಹುಡುಗಿಯರು. ಇಲ್ಲಿ ನಗದೆ ಹೋದ ದಿನವೇ ಇಲ್ಲ. ಆದರೂ ‘ರೈಶ್ಲಿಶ್’ ಎಂಬ ಒಂದು ಪದ ಮಾಡಿದಷ್ಟು ಫಜೀತಿ ಇನ್ನಾವುದೂ ಮಾಡಿಲ್ಲ.

ಮಳೆ ಗಂಡು, ಹಾಲು ಹೆಣ್ಣು

ರೈಶ್ಲಿಶ್ ಅಂದರೆ ಭರ್ಪೂರ ಎಂದು ಬರೆಸಿದೆ. ಜರ್ಮನ್‌ನಲ್ಲಿ ಮಳೆ ಗಂಡು, ಹಾಲು ಹೆಣ್ಣು, ಊಟ ಎರಡೂ ಅಲ್ಲ. ಅದಕ್ಕೇ ಭರ್ಪೂರ ಮಳೆಗೆ ‘ರೈಶ್ಲಿಶರ್’, ಹಾಲಿಗೆ ‘ರೈಶ್ಲಿಶ’, ಊಟಕ್ಕೆ ‘ರೈಶ್ಲಿಶಸ್’. ಪ್ರತಿಸಲ ಪದದ ಬಾಲ ಬೇರೆ.

ಇಳಕಲ್ಲಿನ ನೇಕಾರರ ಮನೆಯ ಹುಡುಗಿ ಎದ್ದು ನಿಂತಳು. “ಮೇಡಂ, ನಮ್ಮ ಮನ್ಯಾಗ ಸೀರಿಗೆ ಸೆರಗಿನ ನೂಲು ಜೋಡಸಾಕ ಇಬ್ಬರು ಬೇಕ್ರಿ. ಇಷ್ಟು ಬಾಲ ನಾ ಒಬ್ಬಾಕಿ ಹೆಂಗ ಜೋಡಸ್ಲಿ?”

ಬಾಲ ಇಲ್ಲದ್ದು

ಇದೇ ಪದ ಇನ್ನೊಂದು ಗುಣವಾಚಕದ ಮುಂದೆ ಬಂದರೆ ಬಾಲ ಬೇಡ, ಅರ್ಥವೂ ‘ಅತಿಯಾಯ್ತು’ ಎಂಬ ಕಡೆಗೆ ವಾಲುತ್ತದೆ. ‘ರೈಶ್ಲಿಶ್ ಶ್ಪೇಟ್’ ಅಂದರೆ ಭಾಳ ತಡ.

ಮರುದಿನ ಕುಳಗೇರಿ ಕ್ರಾಸಿನಿಂದ ಬರುವ ಹುಡುಗಿ ಪಾಠ ಮುಗಿಯುವ ಹೊತ್ತಿಗೆ ಬಂದಳು. ನಾನು ಕಣ್ಣು ಕೆಂಪು ಮಾಡುವ ಮೊದಲೇ ಬಾಗಿಲಲ್ಲಿ ಕೈಕಟ್ಟಿ ನಿಂತು, “ರೈಶ್ಲಿಶ್ ಶ್ಪೇಟ್, ಮೇಡಂ! ಬಾಲ ಹಚ್ಚಿಲ್ರಿ, ನೋಡ್ರಿ ಬೇಕಾದ್ರ” ಅಂದಳು.

ವ್ಯಾಕರಣ ಅಷ್ಟು ಸರಿಯಾಗಿದ್ದಾಗ ಬೈಯುವುದಾದರೂ ಹೇಗೆ?

ತಾಟಿನ ಮುಂದೆ

ಹುಡುಗಿಯರನ್ನು ಆರಿಸಲು ಜರ್ಮನ್ ಸಾಹೇಬರೊಬ್ಬರು ಬಂದರು. ಸಂದರ್ಶನದ ಹಿಂದಿನ ದಿನ ಮಗ್ಗ ನೋಡಬೇಕೆಂದರು. ಇಳಕಲ್ಲಿನ ಹುಡುಗಿಯ ಮನೆಗೇ ಕರೆದೊಯ್ದೆ. ನಾನು ಮಗ್ಗದ ಕೋಣೆಯಲ್ಲಿ ಸೀರೆ ನೋಡುತ್ತಿದ್ದೆ, ಹುಡುಗಿಯ ಅಜ್ಜಿ ಸಾಹೇಬರನ್ನು ರೊಟ್ಟಿ, ಎಣ್ಣೆಗಾಯಿ ಮುಂದೆ ಕೂರಿಸಿದ್ದರು.

ಮೂರನೇ ರೊಟ್ಟಿಗೆ ಸಾಹೇಬರು ಹೊಟ್ಟೆಯ ಮೇಲೆ ಕೈಯಿಟ್ಟು “ರೈಶ್ಲಿಶ್!” ಅಂದರು. ತಾಟಿನ ಮುಂದೆ ಹಾಗಂದರೆ ‘ಸಾಕು, ಹೆಚ್ಚೇ ಆಯಿತು’ ಅಂತ. ಅದನ್ನು ಕಲಿಸಲು ನಾನು ಮರೆತಿದ್ದೆ.

“ಏನಂತಾರವಾ?” ಅಜ್ಜಿ ಮೊಮ್ಮಗಳನ್ನು ಕೇಳಿದರು.

“ಭರ್ಪೂರ ಅಂತಾರ, ಆಯಿ!”

“ಭರ್ಪೂರ ಬೇಕಂತೇನು? ಹಾಕು ಮತ್ತೆರಡು!”

“ರೈಶ್ಲಿಶ್! ರೈಶ್ಲಿಶ್!”

“ಪಾಪ, ಯಾವಾಗ ಉಂಡಿದ್ದರೋ ಏನೋ!”

ನಾನು ಓಡಿಬರುವಷ್ಟರಲ್ಲಿ ಆರನೇ ರೊಟ್ಟಿಯ ಮೇಲೆ ಬೆಣ್ಣೆ ಕರಗುತ್ತಿತ್ತು, ಸಾಹೇಬರ ಬೆಲ್ಟು ಸಡಿಲಾಗಿತ್ತು. ವಿಷಯ ತಿಳಿದು ಹುಡುಗಿ ಅತ್ತೇಬಿಟ್ಟಳು. “ಹೋತ್ರಿ ಮೇಡಂ, ನನ್ನ ಕೆಲಸ ಹೋತು!”

ಮರುದಿನ ಸಾಹೇಬರು ಆಕೆಯನ್ನು ಕೇಳಿದ್ದು ಒಂದೇ ಪ್ರಶ್ನೆ: ಊಟ ಮಾಡುತ್ತಿರುವ ರೋಗಿ ‘ರೈಶ್ಲಿಶ್’ ಎಂದರೆ ಏನು ಮಾಡುತ್ತೀ?

ಹುಡುಗಿ ಶುದ್ಧ ಜರ್ಮನ್‌ನಲ್ಲಿ ಹೇಳಿದಳು: “ಮೊದಲು ತಾಟು ತೆಗೀತೇನಿ. ಆಮ್ಯಾಲೆ ಅಜ್ಜಿನ್ನ ಹೊರಗ ಕಳಸ್ತೇನಿ.”

ಸಾಹೇಬರು ಹೊಟ್ಟೆ ಹಿಡಿದುಕೊಂಡೇ ಆಕೆಯ ಆಯ್ಕೆಪತ್ರಕ್ಕೆ ಸಹಿ ಹಾಕಿದರು. ನಗೆಗೋ, ರೊಟ್ಟಿಗೋ, ನಾನು ಕೇಳಲಿಲ್ಲ.