ಕಲ್ಲಿನ ಮೇಲಿನ ಗಂಡ

ಹಾರ್ಲನ್ ಉಬ್ಬೆನ್ ತೀರಿಕೊಂಡ ಸುದ್ದಿ ಸ್ವತಃ ಹಾರ್ಲನ್‌ಗೆ ತಿಳಿದದ್ದು ಬುಧವಾರ ಬೆಳಿಗ್ಗೆ, ಪಕ್ಕದ ಮನೆಯ ಡೋರೀನ್ ಸಾವಿನ ಮನೆಗೆಂದು ಆಲೂಗಡ್ಡೆ-ಚೀಸಿನ ಅಡುಗೆ ಹೊತ್ತು ಬಂದು ಬಾಗಿಲು ಬಡಿದಾಗ.

"ಅಯ್ಯೋ, ನೀವೇ ಬಾಗ್ಲು ತೆಗೀತಿದ್ದೀರಲ್ಲ!" ಎಂದಳು, ತುಸು ನಿರಾಸೆಯಿಂದ. "ಸತ್ತವರ ಗೋರಿ ಫೋಟೊ ಹಾಕೋ ವೆಬ್‌ಸೈಟಲ್ಲಿ ನಿಮ್ಮ ಪುಟ ಬಂದಿದೆ."

ಆರು ವರ್ಷದ ಹಿಂದೆ ಹೆಂಡತಿ ಅರ್ಡಿಸ್ ಸತ್ತಾಗ, ನಮ್ಮ ಅಯೋವಾದವರೆಲ್ಲ ಮಾಡುವಂತೆ, ಹಾರ್ಲನ್ ಗಂಡ-ಹೆಂಡತಿ ಇಬ್ಬರಿಗೂ ಸೇರಿ ಒಂದೇ ಗೋರಿಗಲ್ಲು ತಂದು ತನ್ನ ಹೆಸರನ್ನೂ ಕೆತ್ತಿಸಿದ್ದ. ಅವನ ಸಾವಿನ ತಾರೀಖಿನ ಜಾಗವಷ್ಟೇ ಖಾಲಿ. ಅದರ ಫೋಟೊ ಹೊಡೆದು ಪುಟ ತೆರೆದವಳು ವರ್ನಾ ಟ್ಯಾಡನ್. ಮೂವತ್ತೆಂಟು ಸಾವಿರ ಸತ್ತವರ ಪುಟಗಳಿಗೆ ಅವಳೇ ಒಡತಿ. ಒಬ್ಬರಿಗೂ ಅವಳು ಅತ್ತವಳಲ್ಲ. ಬದುಕಿರುವವರೆಂದರೆ ಅವಳ ಪಾಲಿಗೆ ಇನ್ನೂ ದಾಖಲಾಗದ ಹೆಣಗಳು.

ಶನಿವಾರ ಹಾರ್ಲನ್‌ಗೂ ಲವೋನ್‌ಗೂ ಮದುವೆ. ಅಷ್ಟರೊಳಗೆ ಬದುಕಿಕೊಳ್ಳಬೇಕೆಂದು ಅವನು ವರ್ನಾಳ ಮನೆಗೆ ಓಡಿದ.

"ತೆಗಿಯಮ್ಮ ಅದನ್ನ! ನಾನು ಬದುಕಿದ್ದೀನಿ."

"ಹಾಗಂತ ಯಾರ್ ಬೇಕಾದ್ರೂ ಹೇಳ್ಬಹುದು." ವರ್ನಾ ಕಂಪ್ಯೂಟರಿನಿಂದ ಕಣ್ಣೆತ್ತಲಿಲ್ಲ. "ಹತ್ತಿರದ ಸಂಬಂಧಿಕರು ಅರ್ಜಿ ಹಾಕ್ಬೇಕು. ಹೆಂಡತಿ, ಮಗ, ಮೊಮ್ಮಗ. ನೀನು ಸತ್ತವನಿಗೆ ಏನಾಗ್ಬೇಕು?"

"ನಾನೇ ಅವ್ನು ಕಣೇ!"

"ಪಟ್ಟಿಯಲ್ಲಿ ಅದಿಲ್ಲ."

ಮಕ್ಕಳಿಲ್ಲದ ಹಾರ್ಲನ್ ಕಾಫಿ ಅಂಗಡಿಗೆ ಹೋಗಿ ಗೋಳು ತೋಡಿಕೊಂಡ. "ಸತ್ಮೇಲೇನೆ ನಿನ್ನ ಮುಖಕ್ಕೆ ಕಳೆ ಬಂದಿದ್ದು ಬಿಡು," ಎಂದರು ಗೆಳೆಯರು. ತಿರುಗಿ ವರ್ನಾಳ ಮನೆಗೇ ಬಂದು ಬೇಡಿಕೊಂಡ. ಕೊನೆಗೆ ವರ್ನಾ, ಬಾವಿಗೆ ಬಿದ್ದವನಿಗೆ ನೂಲೆಳೆ ಇಳಿಬಿಟ್ಟಂತೆ, ಒಂದು ದಾರಿ ತೋರಿಸಿದಳು. "ಕಲ್ಲಿನ ಪಕ್ಕ ನಿಂತು, ಇವತ್ತಿನ ಪೇಪರ್ ಹಿಡ್ಕೊಂಡು ಫೋಟೊ ಕಳ್ಸು. ಕಲ್ಲು ಪೂರ್ತಿ ಬರ್ಬೇಕು."

ಕಲ್ಲು ಎಮ್ಮೆಯಷ್ಟು ಅಗಲ. ತಾನೇ ತೆಗೆದುಕೊಂಡ ಒಂಬತ್ತು ಫೋಟೊಗಳಲ್ಲಿ ಅವನ ಮೂಗಿನ ಹೊಳ್ಳೆಗಳಷ್ಟೇ ಬಂದವು. ಬೇರೆ ಗತಿಯಿಲ್ಲದೆ ಲವೋನ್‌ಳನ್ನು ಸ್ಮಶಾನಕ್ಕೆ ಕರೆಸಿದ.

"ಸ್ವಲ್ಪ ಬಲಕ್ಕೆ ಸರಿ, ಅರ್ಡಿಸ್ ಕಾಣ್ತಿಲ್ಲ," ಎಂದವಳು ಫೋನು ಕೆಳಗಿಳಿಸಿದಳು. "'ಎಂದೆಂದಿಗೂ ಜೊತೆಯಾಗಿ' ಅಂತ ಕೆತ್ಸಿದ್ದೀಯ. ನನ್ನನ್ನ ಎಲ್ಲಿ ಮಲಗಿಸ್ತೀಯ?"

ಹಾರ್ಲನ್ ಸುತ್ತ ನೋಡಿದ. "ಈ ಕಡೆ ಅರ್ಡಿಸ್ ಅಮ್ಮ ಇದಾರೆ. ಆ ಕಡೆ ನಮ್ಮಣ್ಣ. ನಮ್ಮಿಬ್ರ ಕಾಲ್ಗಳ ಹತ್ರ ಒಂಚೂರು ಜಾಗ—"

"ಕಾಲ್ಗಳ ಹತ್ರ!"

"ನಿಂದು ಸಣ್ಣ ಶರೀರ ಅಲ್ವಾ..."

ಲವೋನ್ ಫೋಟೊ ತೆಗೆದು ವರ್ನಾಗೆ ಕಳಿಸಿದಳು. "ಯೋಚ್ನೆ ಮಾಡಿ ಸಂಜೆ ಹೇಳ್ತೀನಿ," ಎಂದು ಕಾರು ಹತ್ತಿದಳು.

ಸಂಜೆಯ ಹೊತ್ತಿಗೆ ಹಾರ್ಲನ್‌ನ ಪುಟ ಮಾಯವಾಗಿತ್ತು. ಅವನು ಕುಣಿಯುತ್ತಿದ್ದಾಗಲೇ ಡೋರೀನ್ ಒಳನುಗ್ಗಿದಳು.

"ಅರ್ಡಿಸ್ ಪುಟ ನೋಡಿದ್ರಾ?"

ಒಳ್ಳೆಯ ಫೋಟೊ ದಂಡವಾಗಲು ವರ್ನಾ ಬಿಟ್ಟಿರಲಿಲ್ಲ. ಪತ್ರಿಕೆ ಹಿಡಿದ ಹಾರ್ಲನ್ ಅಲ್ಲಿ ಕಲ್ಲಿಗೊರಗಿ ನಿಂತಿದ್ದ. ಕೆಳಗೆ ಅವಳದೇ ಒಕ್ಕಣೆ: "ನಿಷ್ಠಾವಂತ ಪತಿ. ಮರುಮದುವೆಯಾಗಿಲ್ಲ."

ಅದರ ಕೆಳಗೆ, ಸಂತಾಪ ಸೂಚಿಸುವ ಜಾಗದಲ್ಲಿ, ಲವೋನ್ ಬರೆದಿದ್ದಳು: "ಆಗುವುದೂ ಇಲ್ಲ."