ಇಪ್ಪತ್ತಾರು ಡ್ರಿಲ್ ಬಿಟ್‌ಗಳಿಗೊಂದು ಜಾಗ

ಕಡೆಗೋಲು ಹಿಡಿದು ನಿಂತ ಉಡುಪಿಯ ಕೃಷ್ಣನಿಗೆ ಮೊದಲ ನಮಸ್ಕಾರ. ಸ್ವತಃ ಕೈಯಲ್ಲೊಂದು ಹತ್ಯಾರು ಹಿಡಿದಿರುವ ದೇವರಿಗೆ ಹತ್ಯಾರಿನವರ ಕಷ್ಟ ಗೊತ್ತಿಲ್ಲದೆ ಇರುತ್ತದೆಯೇ!

ನಮ್ಮ ಮನೆಯಲ್ಲಿ ಯಾವುದಾದರೂ ವಸ್ತುವನ್ನು ಸರಿಯಾದ ಜಾಗದಲ್ಲಿಡಲು ನಾನು ಹೊರಟೆನೆಂದರೆ ಏನಾದರೊಂದು ಆಗಿಯೇ ತೀರುತ್ತದೆ. ಸ್ವಾತಂತ್ರ್ಯ ಬಂದು ಏಳೆಂಟು ವರ್ಷವಾಗಿತ್ತು. ಮುಂಬೈಯ ಅಂಧೇರಿಯ ಚಾಳಿನಲ್ಲಿ ನಮಗಿದ್ದದ್ದು ಒಂದೇ ಖೋಲಿ. ನಾನು ಫೋರ್ಟಿನ ಒಂದು ಛಾಪಖಾನೆಯಲ್ಲಿ ಮೆಕ್ಯಾನಿಕ್. ಹಗಲಿಡೀ ಪರರ ಯಂತ್ರ ರಿಪೇರಿ ಮಾಡಿ, ಲೋಕಲ್ ರೈಲಿನಲ್ಲಿ ನೇತಾಡಿಕೊಂಡು ಮನೆಗೆ ಬಂದರೆ, ಕಿಟಕಿಯ ಮೂಲೆಯಲ್ಲಿ ನನ್ನದೇ ಒಂದು ಬೆಂಚು, ಒಂದು ಕೈ ಬೈರಿಗೆ. ಅದರ ಹಿಡಿ ಒಂದು ಸುತ್ತು ತಿರುಗಿದರೆ ಒಂದು ರಾಮನಾಮ. ಜಪವೂ ಆಯಿತು, ತೂತೂ ಆಯಿತು. ಆ ಮೂಲೆಯಷ್ಟು ಸುಖ ನನಗೆ ಬೇರೆಲ್ಲೂ ಇರಲಿಲ್ಲ.

ತೊಂದರೆಯೆಲ್ಲ ಬೈರಿಗೆಗೆ ಸಿಕ್ಕಿಸುವ ಡ್ರಿಲ್ ಬಿಟ್‌ಗಳದ್ದು. ಸೂಜಿಯಷ್ಟು ಸಪೂರದಿಂದ ಕಿರುಬೆರಳಿನಷ್ಟು ದಪ್ಪದವರೆಗೆ ಒಟ್ಟು ಇಪ್ಪತ್ತಾರು. ಮಳೆಗಾಲ ಇನ್ನೂ ಶುರುವಾಗಿರಲಿಲ್ಲ. ಒಂದು ದಿನ ಗಂಜಿಯ ಪಾತ್ರೆ ಹಿಡಿದು ಬರುತ್ತಿದ್ದ ನನ್ನ ಹೆಂಡತಿ ಅದರಲ್ಲೊಂದನ್ನು ತುಳಿದಳು. ಗಂಜಿ ನೆಲದ ಪಾಲಾಯಿತು.

"ನೋಡಿ, ನವರಾತ್ರಿಯೊಳಗೆ ಇವಕ್ಕೊಂದು ಜಾಗ ಮಾಡಿ. ಆಗದಿದ್ದರೆ ಬೆಂಚು, ಬೈರಿಗೆ ಎಲ್ಲ ಗುಜರಿಗೆ, ಆ ಭಂಗಾರ್‌ವಾಲನಿಗೆ. ನಾನು ಹೇಳಿದ್ದು ಹೇಳಿದ್ದೇ."

ಅವಳು ಹೇಳಿದ್ದನ್ನು ಮಾಡದೆ ಬಿಟ್ಟದ್ದು ನನಗೆ ನೆನಪಿಲ್ಲ.

೧. ಮಸಾಲೆ ಡಬ್ಬಿ

ಅಟ್ಟದ ಮೇಲೆ ಅವಳ ಹಳೆಯ ಮಸಾಲೆ ಡಬ್ಬಿ ಬಿದ್ದಿತ್ತು. ಒಳಗೆ ಏಳು ಬಟ್ಟಲು. ಸಪೂರದವು ಸಾಸಿವೆಯ ಬಟ್ಟಲಿಗೆ, ದಪ್ಪದವು ಮೆಣಸಿನ ಬಟ್ಟಲಿಗೆ ಎಂದು ವಿಂಗಡಿಸಿದೆ. ತುಕ್ಕು ಹಿಡಿಯದಿರಲಿ ಎಂದು ಮೇಲಿಂದ ತೆಂಗಿನೆಣ್ಣೆ ಸುರಿದೆ. ನಮ್ಮ ಊರಿನವರು ಯಾವ ಕಾಯಿಲೆಗೂ ಮೊದಲು ಮಾಡುವ ಚಿಕಿತ್ಸೆ ಅದೇ.

ಸಂಜೆ ಒಂದು ಹಳೆಯ ಬಾಗಿಲಿಗೆ ಚಿಲಕ ಕೂರಿಸಲು ಬೈರಿಗೆ ತಿರುಗಿಸತೊಡಗಿದೆ. ಗಟ್ಟಿ ಮರ. ಬಿಟ್ ಕಾದಿತು, ಎಣ್ಣೆ ಹೊಗೆಯಾಡಿತು, ಬಟ್ಟಲಿನ ತಳದಲ್ಲಿ ವರ್ಷಗಟ್ಟಲೆ ಕೂತಿದ್ದು ಈಗ ಬಿಟ್‌ಗೆ ಅಂಟಿದ್ದ ಜೀರಿಗೆ, ಇಂಗು ಎಲ್ಲ ಜೀವ ಪಡೆದವು. ಚಾಳಿನ ಗ್ಯಾಲರಿಯ ತುದಿಯವರೆಗೂ ಒಗ್ಗರಣೆಯ ಘಮಘಮ. ಐದು ನಿಮಿಷದಲ್ಲಿ ಪಕ್ಕದ ಖೋಲಿಯ ಮರಾಠಿ ಮಾವ್ಶಿ ಬಟ್ಟಲು ಹಿಡಿದು ಬಂದರು.

"ಕಾಯ್ ಹೋ, ಎಂಥ ಪರಿಮಳ! ಏನು ಹುರಿಯುತ್ತಿದ್ದೀರಿ?"

ಸುಳ್ಳು ಹೇಳುವ ಅಭ್ಯಾಸ ನನಗಿಲ್ಲ.

"ಬಾಗಿಲು" ಎಂದೆ.

೨. ಮರದ ತುಂಡು

ಡಬ್ಬಿಗೆ ಇರುವೆ ಮುತ್ತಿತು. ಸರಿ, ಒಂದು ದಪ್ಪ ಮರದ ತುಂಡು ತಂದು, ಪ್ರತಿಯೊಂದು ಬಿಟ್‌ನಿಂದಲೇ ಅದರ ಮನೆಯನ್ನು ಕೊರೆದು, ಸಾಲಾಗಿ ನಿಲ್ಲಿಸಿದೆ. ಅಳತೆ ಎಷ್ಟು ಕರಾರುವಾಕ್ಕೆಂದರೆ ಕೂದಲೆಳೆಯಷ್ಟೂ ಸಂದಿಲ್ಲ. ಇಪ್ಪತ್ತಾರೂ ಪಂಕ್ತಿಯಲ್ಲಿ ಊಟಕ್ಕೆ ಕೂತ ಬ್ರಹ್ಮಚಾರಿಗಳ ಹಾಗೆ ಕಾಣುತ್ತಿದ್ದವು. ಕಿಟಕಿಯ ಹಲಗೆಯ ಮೇಲಿಟ್ಟು ಕೈಮುಗಿದೆ.

ಮರುದಿನ ಮಳೆ ಹಿಡಿಯಿತು. ಮುಂಬೈಯ ಮಳೆ! ಎಂಟು ದಿನ ಸೂರ್ಯದೇವರ ಮುಖವಿಲ್ಲ. ಮರ ನೀರು ಕುಡಿದು ಊದಿತು. ಒಂಬತ್ತನೆಯ ದಿನ ಒಂದನ್ನು ಎಳೆದರೆ ತುಂಡೇ ಎದ್ದು ಬಂತು. ಇಕ್ಕಳ ಹಾಕಿದೆ, ಕಾಲಲ್ಲಿ ಒತ್ತಿ ಹಿಡಿದು ಎಳೆದೆ. ಇಪ್ಪತ್ತಾರರಲ್ಲಿ ಒಂದೂ ಮಿಸುಕಲಿಲ್ಲ.

ಹೆಂಡತಿ ಅಕ್ಕಿ ಆರಿಸುತ್ತ ನೋಡುತ್ತಿದ್ದಳು. "ಸುಮ್ಮನೆ ಬಿಡಿ ಮಾರಾಯ್ರೆ. ಮುಂಬೈಯಲ್ಲಿ ಒಮ್ಮೆ ಜಾಗ ಸಿಕ್ಕಿದವರು ಯಾರಾದರೂ ಬಿಟ್ಟುಕೊಡುವುದುಂಟಾ?"

೩. ದೇವರ ಮಂಟಪದ ಕೆಳಗೆ

ಚೌತಿ ಕಳೆದು ಬಿಸಿಲು ಬಿದ್ದ ಮೇಲೆ ಮರ ಒಣಗಿ ಅವು ಹೊರಬಂದವು. ನವರಾತ್ರಿ ಹತ್ತಿರವಾಗಿತ್ತು. ಖೋಲಿಯಲ್ಲಿ ಖಾಲಿ ಉಳಿದದ್ದು ಒಂದೇ ಜಾಗ: ದೇವರ ಮಂಟಪದ ಕೆಳಗಿನ ಡ್ರಾಯರು. ದೇವರ ಕಾಲಬುಡದಲ್ಲಿದ್ದುದನ್ನು ಭಂಗಾರಿಗೆ ಹಾಕುವ ಧೈರ್ಯ ಯಾರಿಗಿದೆ? ಒಂದು ಹಲಗೆಯಲ್ಲಿ ಗೀರು ಕೊರೆದು, ದೊಡ್ಡದರಿಂದ ಚಿಕ್ಕದಕ್ಕೆ ಇಪ್ಪತ್ತಾರನ್ನೂ ಮಲಗಿಸಿ, ಡ್ರಾಯರಿನೊಳಗೆ ಸೇರಿಸಿದೆ.

ಅವಳು ಬಂದು ನೋಡಿದಳು. "ಇರಲಿ. ನವರಾತ್ರಿಯವರೆಗೆ ನೋಡುವ" ಎಂದಳು. ನಗುತ್ತಿದ್ದಳೇನೋ ಎಂದು ಆಗಲೇ ಅನುಮಾನ ಬರಬೇಕಿತ್ತು.

ಮಾವ್ಶಿಯ ಮಗಳು ಹೆರಿಗೆಗೆ ಬಂದು ಗಂಡುಮಗು ಹೆತ್ತಿದ್ದಳು. ನವರಾತ್ರಿಯ ಮೊದಲ ದಿನವೇ ತೊಟ್ಟಿಲಿಗೆ ಹಾಕುವ ಶಾಸ್ತ್ರ. ಎರಡು ದಿನ ಮುಂಚೆ, ಭಾನುವಾರ ಬೆಳಿಗ್ಗೆ, ಮಾವ್ಶಿ ಬಂದು, "ಭಾವೂ, ತೊಲೆಗೊಂದು ಕೊಕ್ಕೆ ಹಾಕಿಕೊಡಿ" ಎಂದರು. ಇಂಥ ಪುಣ್ಯದ ಕೆಲಸ ಯಾರಿಗುಂಟು! ಆಗಷ್ಟೇ ಮಿಂದಿದ್ದೆ. ದೇವರ ಬುಡದಿಂದ ಬೇಕಾದಷ್ಟೇ ತೆಗೆಯಬೇಕೆಂದು ಸಪೂರದ್ದು ಒಂದನ್ನೇ ತೆಗೆದುಕೊಂಡು ಹೋದೆ. ತೊಲೆಯೊಳಗೆ ಯಾವ ಕಾಲದ್ದೋ ಮೊಳೆ. ಬಿಟ್ ಫಟ್ಟೆಂದು ಮುರಿಯಿತು.

ಇನ್ನೊಂದು ತರಲು ಓಡಿ ಬಂದರೆ ಹೆಂಡತಿ ಅಡ್ಡ ನಿಂತಳು. "ಹೆತ್ತ ಮೈಲಿಗೆಯ ಮನೆಯಿಂದ ಬಂದಿರಲ್ಲ. ಮೀಯದೆ ದೇವರನ್ನು ಮುಟ್ಟುವುದಾ?"

"ನೀನಾದರೂ ತೆಗೆದುಕೊಡು ಮಾರಾಯ್ತಿ."

"ಜಾಗ ಮಾಡಿದವರೇ ತೆಗೆಯಲಿ."

ಮೂಲೆಯ ಬಚ್ಚಲಲ್ಲಿ ಎರಡು ತಂಬಿಗೆ ಸುರಿದುಕೊಂಡು ಎರಡನೆಯ ಬಿಟ್ ಒಯ್ದೆ. ತೂತಾಯಿತು, ಆದರೆ ಕೊಕ್ಕೆ ಹಿಡಿಸುವಷ್ಟು ಅಗಲವಿಲ್ಲ. ಮತ್ತೆ ಬಂದೆ, ಮತ್ತೆ ಮಿಂದೆ, ಮೂರನೆಯದು ಒಯ್ದೆ. ಅದೂ ಎಳ್ಳಷ್ಟು ಸಾಲದಾಯಿತು.

ನಾಲ್ಕನೆಯದಕ್ಕೆ ಬಂದಾಗ ಹಂಡೆ ಬರಿದಾಗಿತ್ತು, ಚಾಳಿನ ನಳ ನಿಂತಿತ್ತು. ಒದ್ದೆ ಪಂಚೆಯಲ್ಲಿ ನಡುಗುತ್ತ ನಾನು ಬಾಗಿಲಲ್ಲಿ. ತೊಟ್ಟಿಲಿನ ಹಗ್ಗ ಹಿಡಿದು ಮಾವ್ಶಿ ನನ್ನ ಹಿಂದೆ. ಈ ಜಾಗವೂ ಕೈಕೊಟ್ಟಿತು, ನನ್ನ ಮೂಲೆಯ ಕಥೆ ಮುಗಿಯಿತು ಎಂದುಕೊಂಡೆ. ಕೃಷ್ಣಾ, ನಿನ್ನ ಇಚ್ಛೆ!

ಹೆಂಡತಿ ಎದ್ದಳು. ಡ್ರಾಯರು ತೆರೆದು ಹಲಗೆಯನ್ನು ಹಾಗೆಯೇ ಎತ್ತಿದಳು. ಅಡುಗೆಯ ಗೂಡಿನಿಂದ ಉಪ್ಪಿನಕಾಯಿಯ ಭರಣಿಗಳನ್ನು ಇಳಿಸಿ ಹಲಗೆಯನ್ನು ಅಲ್ಲಿಟ್ಟಳು. ಭರಣಿಗಳನ್ನು ಡ್ರಾಯರಿಗೆ ಸೇರಿಸಿದಳು.

"ಉಪ್ಪಿನಕಾಯಿಯನ್ನು ನಾನು ಹೇಗೂ ಮಿಂದೇ ಮುಟ್ಟುವುದು. ಅದು ಅಲ್ಲಿರಲಿ. ನಿಮ್ಮವು ಇನ್ನು ಮೇಲೆ ಇಲ್ಲೇ, ಮೀಯದೆಯೂ ಮುಟ್ಟಬಹುದು."

"ಹಾಗಾದರೆ ಭಂಗಾರ್‌ವಾಲಾ?"

"ಅವನು ಬೇಡ" ಎಂದಳು ಅವಳು. "ಒಂದೇ ಬೆಳಿಗ್ಗೆ ಮೂರು ಸಲ ಮಿಂದು ಎದುರಿಗೆ ಬಂದು ನಿಂತರೆ ದೇವರಾದರೂ ಏನು ಮಾಡಬೇಕು? ಅವನಿಗೆ ಬೇರೆ ಭಕ್ತರೂ ಇದ್ದಾರೆ ಮಾರಾಯ್ರೆ!"

ನಾಲ್ಕನೆಯ ಬಿಟ್‌ನಿಂದ ಕೊಕ್ಕೆ ಕೂತು ಮಾವ್ಶಿಯ ಮನೆಯಲ್ಲಿ ತೂಗಿದ ಹಾಗೆ, ಇದನ್ನು ಕೇಳಿದ ನಿಮ್ಮೆಲ್ಲರ ಮನೆಯಲ್ಲೂ ತೊಟ್ಟಿಲು ತೂಗಲಿ, ನಳದಲ್ಲಿ ನೀರು ಬರುತ್ತಿರಲಿ, ಕೃಷ್ಣ ಕಾಯಲಿ.