ಸ್ಪ್ಯಾನಿಷ್ ಬ್ರಹ್ಮಚಾರಿಗಳ ಮದುವೆ ದಲ್ಲಾಳಿ

ನಮ್ಮ ಸೋದರಮಾವ ಲೋಕದಲ್ಲಿ ಯಾರ ಮದುವೆಯನ್ನಾದರೂ ಮಾಡಿಸಬಲ್ಲರು, ತಮ್ಮದೊಂದನ್ನು ಬಿಟ್ಟು! ಎರ್ನಾಕುಲಂನ ಕನ್ನಡಿಗರಲ್ಲಿ ಈ ಮಾತನ್ನು ಒಪ್ಪದವರಿಲ್ಲ. ಮೈಸೂರಿನಿಂದ ಬಂದವರು ಮೊದಲು ತಿರುವನಂತಪುರದಲ್ಲಿ, ಆಮೇಲೆ ಎರ್ನಾಕುಲಂ ಪಕ್ಕದ ವಿಲ್ಲಿಂಗ್ಡನ್ ಐಲ್ಯಾಂಡಿನಲ್ಲಿ ಕೇಂದ್ರ ಸರ್ಕಾರಿ ನೌಕರಿ ಮಾಡಿ, ಒಂಟಿಯಾಗಿಯೇ ನಿವೃತ್ತರಾದರು. ಸುಮ್ಮನೆ ಕೂತರೆ ತಲೆಗೆ ತುಕ್ಕು ಹಿಡಿಯುತ್ತದೆಂದು ಮೊಬೈಲಿನಲ್ಲಿ ಸ್ಪ್ಯಾನಿಷ್ ಕಲಿತರು. ಇಷ್ಟು ವರ್ಷ ಕೇರಳದಲ್ಲಿದ್ದೂ ತರಕಾರಿ ಅಂಗಡಿಗೆ ಸಾಲುವಷ್ಟೇ ಮಲಯಾಳಂ ಕಲಿತ ಮನುಷ್ಯನಿಗೆ ಸ್ಪ್ಯಾನಿಷ್ ಏತಕ್ಕೆ?

ಏತಕ್ಕೆಂದು ಒಂದು ಶನಿವಾರ ತಿಳಿಯಿತು. ನಾನು ತಿರುವನಂತಪುರದ ಐಟಿ ಪಾರ್ಕಿನಲ್ಲಿ ದುಡಿಯುವವಳು. ಹಾಸ್ಟೆಲಿನ ಊಟಕ್ಕೆ ಬೇಸತ್ತಾಗಲೆಲ್ಲ ರೈಲು ಹತ್ತಿ ಮಾವನ ಮನೆಯ ಹುಳಿಗೆ ಓಡುತ್ತೇನೆ. ಅಂದು ಬಾಗಿಲು ತೆರೆದವರ ಮುಖ ಅರಳಿತ್ತು.

"ಪುಟ್ಟಿ, ಎಂಥ ಗುಂಪು ಸಿಕ್ಕಿದೆ ಗೊತ್ತಾ! ಸ್ಪೇನು, ಮೆಕ್ಸಿಕೊ, ಅರ್ಜೆಂಟೀನಾ, ಎಲ್ಲಾ ಕಡೆಯ ಗಂಡುಗಳೂ ಇದಾವೆ. ಒಬ್ಬನಿಗೂ ಹೆಣ್ಣು ಸಿಕ್ಕಿಲ್ಲ ಕಣೇ!"

ಮೊಬೈಲು ಕಿತ್ತುಕೊಂಡು ನೋಡಿದೆ. ಹೆಣ್ಣು ಸಿಗಲಿಲ್ಲವೆಂದು ಇಡೀ ಹೆಣ್ಣುಕುಲವನ್ನೇ ದ್ವೇಷಿಸುತ್ತ ಕೂರುವ ಗಂಡಸರ ಗುಂಪು ಅದು. ಇನ್ಸೆಲ್ ಎಂದು ತಮ್ಮನ್ನು ತಾವೇ ಕರೆದುಕೊಳ್ಳುತ್ತಾರೆ. ಎತ್ತರ ಇಷ್ಟು, ದವಡೆ ಹೀಗೆ, ಕಣ್ಣಿನ ಓರೆ ಹಾಗೆ, ಆದ್ದರಿಂದ ನನ್ನ ಬಾಳು ಮುಗಿಯಿತು ಎಂದು ಅಳತೆ ಸಮೇತ ಗೋಳು! ಮಾವನದೇನು ತಪ್ಪು? ಎತ್ತರ, ಬಣ್ಣ, ಸಂಬಳ ಎಲ್ಲ ಸಾಲಾಗಿ ಕಂಡರೆ ನಮ್ಮ ಮನೆಗಳಲ್ಲಿ ಹುಟ್ಟಿದ ಯಾರಿಗೇ ಆದರೂ ಅದು ವಧೂವರರ ವೇದಿಕೆಯೆಂದೇ ಅನಿಸುತ್ತದೆ.

"ಮಾವ, ಇವರು ಹೆಣ್ಣು ಹುಡುಕ್ತಿಲ್ಲ, ಬೈತಿದಾರೆ."

"ಹುಡುಕಿ ಸುಸ್ತಾದೋರು ಬೈಯದೆ ಇನ್ನೇನಮ್ಮ ಮಾಡ್ತಾರೆ?"

ಶುರುವಾಯಿತು ದಲ್ಲಾಳಿ ಕೆಲಸ! ದವಡೆ ಚಿಕ್ಕದೆಂದು ಅತ್ತವನಿಗೆ ಗಡ್ಡ ಬಿಡಲು ಹೇಳಿದರು. ಹೆಣ್ಣುಗಳಿಗೆ ದುಡ್ಡಿದ್ದವರೇ ಬೇಕು ಎಂದವನಿಗೆ ಕೆಲಸ ಎಲ್ಲಿ ಎಂದು ಕೇಳಿದರು. ಕೆಲಸವಿಲ್ಲ, ಕೋಣೆ ಬಿಟ್ಟು ಹೊರಗೆ ಹೋಗುವುದೇ ಇಲ್ಲ ಎಂದ. "ಮತ್ತೆ ಹೆಣ್ಣು ನಿನ್ನ ಹೆಂಗೆ ನೋಡ್ಬೇಕಪ್ಪಾ, ಗೋಡೆ ಒಡೆದಾ?" ಎಂದು ಬರೆದರು. ಅಷ್ಟಕ್ಕೇ ಇವರು ಸ್ತ್ರೀವಾದಿಗಳು ಕಳಿಸಿದ ಗೂಢಚಾರ ಎಂದು ಗುಂಪಿನಲ್ಲಿ ಗುಲ್ಲೆದ್ದಿತು! ಮಾವನಿಗೆ ಪರಮಾನಂದ. ಇಡೀ ಸರ್ವೀಸಿನಲ್ಲಿ ಅವರನ್ನು ಯಾರೂ ಇಷ್ಟು ಮುಖ್ಯ ಮನುಷ್ಯನೆಂದು ಭಾವಿಸಿರಲಿಲ್ಲವಂತೆ.

ಆ ಮಹಾಶಯರು ದಾರಿಹೋಕ ಹುಡುಗಿಯರ ಫೋಟೋ ಹಾಕಿ ಅಂಕ ಕೊಡುವುದನ್ನು ಕಂಡು ನನಗೆ ಮೈಯೆಲ್ಲ ಉರಿಯಿತು. "ಹುಡುಗೀರೇನು ಪರೀಕ್ಷೆ ಪೇಪರ್ರಾ?" ಎಂದು ಕೂಗಾಡಿದೆ.

"ನಿನ್ನ ನೋಡಕ್ಕೆ ಬಂದೋರು ನಿಲ್ಲಿಸಿ, ನಡೆಸಿ, ಬಣ್ಣ ಸ್ವಲ್ಪ ಕಮ್ಮಿ ಅಂದ್ರಲ್ಲ, ಅವರು ಸ್ಪೇನಿನೋರಾ?"

ಮಾತೇನೋ ನಿಜವೇ. ಆದರೆ ಆ ಸಂಬಂಧ ತಂದವರು ಯಾರು? ಇದೇ ಮಾವ!

ಮರುದಿನ ಭಾನುವಾರ, ಊಟಕ್ಕೆ ಎಲೆ ಹಾಕುವ ಹೊತ್ತಿಗೆ ಮಾವನ ಮುಖ ಬಿಳಿಚಿಕೊಂಡಿತು. ಸ್ಪೇನಿನ ಒಬ್ಬ, ಜೊತೆಗೆ ಕೆಲಸ ಮಾಡುವ ಹುಡುಗಿಯನ್ನು ಕಾಫಿಗೆ ಕರೆದಿದ್ದನಂತೆ, ಅವಳು ಬರುವುದಿಲ್ಲ ಎಂದಳಂತೆ. 'ಈಗಲೇ ಅವಳ ಮನೆಗೆ ಹೋಗಿ ಬುದ್ಧಿ ಕಲಿಸುತ್ತೇನೆ' ಎಂದು ಬರೆದಿದ್ದ. ಕೆಳಗೆ ಉಳಿದವರೆಲ್ಲ 'ಹೋಗು, ಹೋಗು' ಎಂದು ಹುರಿದುಂಬಿಸುತ್ತಿದ್ದರು.

"ದೂರು ಕೊಡಿ ಮಾವ!"

"ಕೊಟ್ಟೆ ಕಣೇ. ಆ ಆ್ಯಪಿನೋರು ನೋಡೋ ಹೊತ್ತಿಗೆ ಆ ಹುಡುಗಿ ಗತಿ ಏನು?"

ಎಲೆ ಮುಂದೆಯೇ ಕೂತು ಒಂದೇ ಬೆರಳಲ್ಲಿ ಟೈಪು ಮಾಡತೊಡಗಿದರು. ಬರೆದದ್ದನ್ನೂ ಬಂದದ್ದನ್ನೂ ನನಗೆ ಕನ್ನಡದಲ್ಲಿ ಹೇಳುತ್ತಿದ್ದರು. "ಬೇಡ ಅಂದ್ಲು, ಅಷ್ಟೇ ತಾನೇ? ಹೊಡೆದಳಾ?" ಎಂದು ಬರೆದರು. 'ನಿನಗೆ ಯಾವಳಾದರೂ ಬೇಡ ಅಂದಿದ್ದಾಳಾ ಮುದುಕಾ?' ಎಂದ ಅವನು.

ಮಾವ ಎಲೆಯನ್ನು ಪಕ್ಕಕ್ಕೆ ಸರಿಸಿದರು. ಆಮೇಲೆ ನಿಧಾನವಾಗಿ ಬರೆದರು.

"ಅಂದಿದಾಳಪ್ಪ. ತಿರುವನಂತಪುರದಲ್ಲಿ, ಚಾಲೈ ಮಾರ್ಕೆಟ್ಟಲ್ಲಿ, ಅಷ್ಟು ಜನರ ಮಧ್ಯೆ. ನಮ್ಮ ಆಫೀಸಿನವಳೇ. ಬಸ್ಸಲ್ಲಿ ಅತ್ತುಕೊಂಡು ಬಂದೆ. ಆದರೆ ಮಾರನೇ ದಿನ ಅವಳು ನನ್ನ ನೋಡಿ ಹೆದರ್ಕೊಂಡು ಆಫೀಸಿನೊಳಗೆ ಬಂದ್ಲು. ಬೇಡ ಅಂದಿದ್ದಕ್ಕಿಂತ ಆ ಹೆದರಿಕೆ ನೋಡಿ ಜಾಸ್ತಿ ಸಂಕಟ ಆಯ್ತು. ನಾನೇನ್ ಮಾಡಿದೀನಿ ಅಂತ ಹೆದರ್ತಾಳೆ ಅನ್ನಿಸ್ತು. ಆ ಹೆದರಿಕೆ ಹೋಗೋ ಹಾಗೆ ನಡ್ಕೊಂಡೆ. ಅಷ್ಟು ಬಿಟ್ರೆ ಅವಳಿಗೆ ಇನ್ನೇನೂ ಕೊಡಕ್ಕಾಗಲಿಲ್ಲ. ನೀನೂ ಅಷ್ಟು ಕೊಡಪ್ಪ."

ಹುಳಿ ಆರಿತು. ನಾವಿಬ್ಬರೂ ಮೊಬೈಲನ್ನೇ ನೋಡುತ್ತ ಕೂತಿದ್ದೆವು. ಕೊನೆಗೂ ಉತ್ತರ ಬಂತು: 'ಹೋಗುವುದಿಲ್ಲ. ಮನೆಯಲ್ಲೇ ಇದ್ದೇನೆ.' ಮಾವ ಏನೋ ಬರೆಯಲು ಹೊರಟರು. ಅಷ್ಟರಲ್ಲಿ ಗುಂಪಿನವರು ಅವರನ್ನು ಹೊರಗೆ ಹಾಕಿದ್ದರು.

ಕನ್ನಡಕ ತೆಗೆದು ಪಂಚೆಯ ಅಂಚಿನಲ್ಲಿ ಒರೆಸತೊಡಗಿದರು. ಅವರು ಮದುವೆಯಾಗದೇ ಉಳಿದದ್ದನ್ನು ಹಿಡಿದು ನಾವು ಮನೆಮಂದಿಯೆಲ್ಲ ಎಷ್ಟು ನಕ್ಕಿದ್ದೇವೆ! ನನಗೆ ಅಳು ಬಂತು.

"ನಿಮ್ಮ ಆಫೀಸಿನ ಅವರ ಹೆಸರೇನು ಮಾವ?"

ಹೇಳಿದರು. ಯಾರ ಹೆಸರನ್ನೂ ಯಾರೂ ಅಷ್ಟು ಮೆತ್ತಗೆ ಹೇಳಿದ್ದನ್ನು ನಾನು ಕೇಳಿಲ್ಲ. ಇಲ್ಲಿ ಅದನ್ನು ಬರೆಯುವುದಿಲ್ಲ. ಅವರು ಎಲ್ಲಿದ್ದಾರೋ ಅಲ್ಲಿ ನಿಶ್ಚಿಂತೆಯಿಂದಿರಲಿ.